ಎಡ ಪಕ್ಕೆಯ ಬೆಳ್ಳಿ ಕರಡಿಗೆ

ಹುಲಿಗೆಮ್ಮನ ಎಡಗಣ್ಣು ಹೋದದ್ದು ನನ್ನಿಂದ. ನನ್ನ ಮೊಣಕಾಲು ತಗಲಿ ಅಲ್ಲ, ಅವಳ ತಪ್ಪಿನಿಂದಲೂ ಅಲ್ಲ — ಆಟದ ಅಂಗಿಯೊಳಗೆ ನಾನು ಬಚ್ಚಿಟ್ಟುಕೊಂಡಿದ್ದ, ಲಿಂಗವಿಡುವ ಒಂದು ಬೆಳ್ಳಿ ಕರಡಿಗೆಯಿಂದ. ಹದಿನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಅದರಲ್ಲಿ ಏಳು ವರ್ಷ ಭಾರತದ ಅಂಗಿ ತೊಟ್ಟು ರಗ್ಬಿ ಆಡಿದೆ. ರಾಷ್ಟ್ರಗೀತೆಗೆ ಎದೆಯುಬ್ಬಿಸಿ ನಿಂತೆ, ಹೊಸಪೇಟೆಯಲ್ಲಿ ಶಾಲು ಹೊದಿಸಿಕೊಂಡೆ, ಸತ್ಯವೇ ಗೆಲ್ಲುವುದು ಎಂದು ಶಾಲೆಯ ಮಕ್ಕಳ ಮುಂದೆ ಭಾಷಣವನ್ನೂ ಬಿಗಿದೆ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ತಟ್ಟಿಸಿಕೊಂಡೆ.

ಇದನ್ನು ಬರೆಯಬೇಡ ಎಂದವರು ಇಬ್ಬರು. ಕಂಪ್ಲಿಯಲ್ಲಿ ನಮ್ಮ ಅಕ್ಕಿ ಗಿರಣಿ ನೋಡಿಕೊಳ್ಳುವ ದೊಡ್ಡಪ್ಪ ಒಬ್ಬರು. "ಲಿಂಗದ ಹೆಸರು ಪೇಪರಿಗೆ ತರಬ್ಯಾಡವ್ವ, ಮಂದಿ ಆಡ್ಕೋತಾರ" ಎಂದರು. ಇನ್ನೊಬ್ಬಳು ನನ್ನ ಜೊತೆ ಆಡಿದವಳು. ಹುಡುಗಿಯರನ್ನು ಈಗ ತಾನೇ ನಾಲ್ಕು ಮನೆಯವರು ಮೈದಾನಕ್ಕೆ ಕಳಿಸುತ್ತಿದ್ದಾರೆ, ಅದಕ್ಕೂ ಕಲ್ಲು ಹಾಕಬೇಡ ಎಂದಳು. ಒಬ್ಬರಿಗೆ ಧರ್ಮದ ಮಾನದ ಚಿಂತೆ, ಒಬ್ಬಳಿಗೆ ಆಟದ ಮಾನದ ಚಿಂತೆ. ಹುಲಿಗೆಮ್ಮನ ಮಾನದ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ.

ನನ್ನ ಹೆಸರು ಬಸಮ್ಮ. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಕೊರಳಿಗೆ ಲಿಂಗ ಕಟ್ಟುತ್ತಾರೆ. ಚಿಕ್ಕದೊಂದು ಕಪ್ಪು ಲಿಂಗ, ಅದನ್ನಿಡಲು ಬೆಳ್ಳಿಯ ಕರಡಿಗೆ, ತೂಗಿಕೊಳ್ಳಲು ದಾರ. ಅದು ಮೈಬಿಟ್ಟು ಇಳಿಯಬಾರದು, ನೆಲ ಮುಟ್ಟಬಾರದು. ನನ್ನನ್ನು ಸಾಕಿದ ಅಜ್ಜಿಗೆ ಇದು ಉಸಿರಾಟದಷ್ಟು ಸಹಜ. ಹೊಸಪೇಟೆಯಲ್ಲಿ ಕಾಲೇಜು ಓದಿ ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ ಮಾತು. "ಏನರ ಆಡು, ಏನರ ಉಡು. ಲಿಂಗ ಮಾತ್ರ ಮೈಮ್ಯಾಲಿಂದ ಇಳಿಸಂಗಿಲ್ಲ. ನನ್ನ ತಲಿ ಮುಟ್ಟಿ ಹೇಳು." ಮುಟ್ಟಿ ಹೇಳಿದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವಳು ಹುಲಿಗೆಮ್ಮ. ಸಂಡೂರು ತಾಲ್ಲೂಕಿನ ಚೋರನೂರಿನವಳು. ಶೇಂಗಾ ಹೊಲದಲ್ಲಿ ಬೆಳೆದ ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಅವಳ ಜಾತಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವ ನೀವೂ ಅಳೆಯಲು ಕೂರುತ್ತೀರಿ. ಒಮ್ಮೆ ರಜೆಯಲ್ಲಿ ನನ್ನ ಜೊತೆ ಕಂಪ್ಲಿಗೆ ಬಂದಿದ್ದಳು. ಅಜ್ಜಿ ಅವಳನ್ನು ಪಡಸಾಲೆಯಿಂದ ಒಳಗೆ ಕರೆಯಲಿಲ್ಲ. ಚಹಾವನ್ನು ಬೇರೆ ಲೋಟದಲ್ಲಿ ಕೊಟ್ಟರು, ಆ ಲೋಟವನ್ನು ಅವಳೇ ತೊಳೆದಿಟ್ಟಳು. ನಾನು ನೋಡಿದೆ. ನೋಡುತ್ತ ನನ್ನ ಚಹಾ ಕುಡಿದೆ.

ನಾವಿಬ್ಬರೂ ಕಬಡ್ಡಿ ಆಡುತ್ತಿದ್ದೆವು. ಎರಡನೆಯ ವರ್ಷ ನಮ್ಮ ಆಟದ ಮೇಷ್ಟ್ರು ಕೊಟ್ರೇಶ್ ಸರ್ ಎಲ್ಲಿಂದಲೋ ಮೊಟ್ಟೆಯಂಥ ಚೆಂಡು ತಂದು ನಮ್ಮ ಮುಂದೆ ಹಾಕಿದರು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಓಡಬೇಕು, ಎದುರಿನವರು ಹಿಡಿದು ಕೆಡವಬೇಕು. ಕೆಡವುವುದು ನಮಗೆ ಗೊತ್ತಿದ್ದ ವಿದ್ಯೆಯೇ. ಆದರೆ ಸರ್ ಆರು ತಿಂಗಳು ಒಂದೇ ಪಾಠ ಮಾಡಿದರು, ಟ್ಯಾಕಲ್ ಮಾಡುವಾಗ, ಅಂದರೆ ಹಾಗೆ ಹಿಡಿದು ಕೆಡವುವಾಗ, ತಲೆ ಎಲ್ಲಿಡಬೇಕು ಎಂದು. "ಓಡಿ ಬರೋರ ಹಾದ್ಯಾಗ ತಲಿ ಅಡ್ಡ ಇಡಬ್ಯಾಡ್ರಿ. ಪಕ್ಕಕ್ಕ ಇಡ್ರಿ. ಭುಜ ಬಡೀಬೇಕು, ಕೆನ್ನಿ ಅವರ ಪಕ್ಕಿಗೆ ಅಂಟಬೇಕು. ತಲಿ ಸರಿ ಜಾಗದಾಗ ಇದ್ರ ಆನಿನೂ ಕೆಡವಬಹುದು."

ಇದನ್ನು ಹುಲಿಗೆಮ್ಮ ಕಲಿತ ಹಾಗೆ ಇನ್ನಾರೂ ಕಲಿಯಲಿಲ್ಲ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹಂಪಿ ಬಜಾರಿನವರೆಗೆ ಓಡುತ್ತಿದ್ದೆವು. ಅಲ್ಲಿ ಕಲ್ಲು ಮಂಟಪಗಳ ಮುಂದೆ ನಿಂತು ದಮ್ಮು ತಿರುಗಿಸಿಕೊಳ್ಳುವಾಗಲೂ ಅವಳು ನನ್ನನ್ನು ಓಡಿಬರಲು ಹೇಳಿ, ಮೆಲ್ಲಗೆ ಬಂದು ಪಕ್ಕೆಗೆ ಕೆನ್ನೆ ಅಂಟಿಸಿ ನೋಡುತ್ತಿದ್ದಳು. ಅಂಗಡಿ ತೆರೆಯಲು ಬಂದವರು ನಕ್ಕರೆ ನಗಲಿ ಎನ್ನುತ್ತಿದ್ದಳು. ನಾನು ಓಡುವುದರಲ್ಲಿ ಅವಳಿಗಿಂತ ಜೋರು. ಕೆಡವುವುದರಲ್ಲಿ ಅವಳ ಹತ್ತಿರವೂ ಸುಳಿಯುವವಳಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಅಭ್ಯಾಸದ ದಿನಗಳಲ್ಲಿ ನಾನು ಕರಡಿಗೆಯನ್ನು ಟ್ರಂಕಿನಲ್ಲಿಟ್ಟು, ಲಿಂಗವನ್ನಷ್ಟೇ ಮೆತ್ತನೆಯ ಬಟ್ಟೆಯಲ್ಲಿ ಕಟ್ಟಿ ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದೆ. ಸರ್ ಕಂಡೂ ಕಾಣದ ಹಾಗಿದ್ದರು. ಮೈಮೇಲೆ ಗಟ್ಟಿಯಾದದ್ದು ಏನೂ ಇರಬಾರದೆಂಬ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಬಳೆ, ಓಲೆ, ಉಂಗುರ, ಯಾವುದೂ ಕೂಡದು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ, ಬೇಕಾಗಿಯೂ ಇಲ್ಲ.

ರಾಜ್ಯ ತಂಡದ ಆಯ್ಕೆಗಾರರು ನಮ್ಮ ಮೈದಾನಕ್ಕೆ ಬರುವ ದಿನ ಬಂತು. ನಾವು ಆಡುವ ಜಾಗಕ್ಕೆ ಬೇಕಾಗಿದ್ದವಳು ಒಬ್ಬಳೇ. ನಾನು ಒಂದು ಕಡೆ, ಹುಲಿಗೆಮ್ಮ ಎದುರು ಕಡೆ. ಅವತ್ತು ಬೆಳಿಗ್ಗೆ ಅಜ್ಜಿ ಮೊದಲ ಬಸ್ಸಿಗೆ ಕಂಪ್ಲಿಯಿಂದ ಬಂದರು. ತಮ್ಮ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಅದಿದ್ದ ಹಳೆಯ ಕರಡಿಗೆಯಲ್ಲಿ ನನ್ನ ಲಿಂಗವನ್ನಿಟ್ಟು, ತಾವೇ ನನ್ನ ಕೊರಳಿಗೆ ಕಟ್ಟಿದರು. ಭಾರದ ಬೆಳ್ಳಿ, ಎರಡೂ ತುದಿಯಲ್ಲಿ ಚೂಪು. "ನಮ್ಮತ್ತಿದು ಇದು. ಇವತ್ತು ನಿನ್ನ ಕಾಯ್ತದ" ಎಂದು ಹಣೆಗೆ ವಿಭೂತಿ ಹಚ್ಚಿ ಮುಂದಿನ ಬಸ್ಸಿಗೆ ಹೊರಟುಹೋದರು.

ಎಂದಿನಂತೆ ಬಟ್ಟೆಯಲ್ಲಿ ಕಟ್ಟಿಕೊಂಡರೂ ಅವತ್ತು ರೆಫರಿಯ ಕಣ್ಣಿಗೆ ಬೀಳುತ್ತದೆ, ಏನು ಮಾಡಬೇಕೆಂದು ನಾನು ಕೋಣೆಯಲ್ಲಿ ನಿಂತಿದ್ದೆ. ಹುಲಿಗೆಮ್ಮ ಬೂಟಿನ ದಾರ ಬಿಗಿಯುತ್ತಿದ್ದವಳು ನೋಡಿದಳು. ಎದ್ದು ಬಂದು ಕೈ ಚಾಚಿದಳು.

"ಕೊಡಿಲ್ಲಿ. ನನ್ನ ಬ್ಯಾಗಿನಾಗ ಹೊಸ ಟವಲ್ ಐತಿ. ಅದರಾಗ ಸುತ್ತಿ ಮ್ಯಾಲ ಇಡ್ತೀನಿ, ನೆಲಕ್ಕ ಮುಟ್ಟಂಗಿಲ್ಲ. ನಿಂದು ಆಟ ಮುಗದ ಕೂಡಲೇ ಕಟ್ಗೊ."

ಅವಳ ಕೈ ನನ್ನ ಮುಂದಿತ್ತು. ನನ್ನ ಕೈ ತಾನಾಗಿ ಎದೆಗೆ ಹೋಗಿ ಕರಡಿಗೆಯನ್ನು ಮುಚ್ಚಿಕೊಂಡಿತು. ಯಾಕೆ? ಅಜ್ಜಿಗೆ ಕೊಟ್ಟ ಆಣೆ ಎಂದು ಹದಿನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಆಣೆಯೇ ಕಾರಣವಾಗಿದ್ದರೆ ಇದನ್ನು ಬಿಚ್ಚಲಾರೆ, ಆದ್ದರಿಂದ ಆಡಲಾರೆ ಎಂದು ರೆಫರಿಗೆ ಹೇಳಿ ಹೊರಗೆ ಕೂರಬಹುದಿತ್ತು. ಹಾಗೆ ಕೂತಿದ್ದರೆ ಅದು ಭಕ್ತಿ. ನನ್ನದು ಭಕ್ತಿಯಲ್ಲ — ಅವಳ ಕೈ ಅದನ್ನು ಮುಟ್ಟಬಾರದು ಎಂದು ನನ್ನೊಳಗೆ ಯಾರೋ ಕೂತಿದ್ದರು. ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು, ಅವಳ ಬೆವರು ನನ್ನ ಅಂಗಿಗೆ ಮೆತ್ತಿಸಿಕೊಂಡವಳು... ಲಿಂಗ ಕಟ್ಟಿಕೊಂಡವರಿಗೆ ಮೇಲು ಕೀಳಿಲ್ಲ ಎಂದು ಮಠದಲ್ಲಿ ಕೇಳಿಕೊಂಡೇ ಬೆಳೆದವಳು. ಆ ಒಂದು ಗಳಿಗೆಯಲ್ಲಿ ಪಡಸಾಲೆಯ ಬೇರೆ ಲೋಟವೇ ನನ್ನ ಕೈಯಾಗಿ ಎದೆ ಮುಚ್ಚಿತು.

"ಬ್ಯಾಡ ಬಿಡಲೇ, ಅಜ್ಜಿ ಕೈಯಾಗ ವಾಪಸ್ ಕೊಟ್ಟು ಕಳಿಸ್ತೀನಿ. ಇನ್ನೂ ಗೇಟಿನಾಗ ಅದಾರ" ಎಂದೆ.

ಅವಳು ನಂಬಿದಳು. ಇವತ್ತು ಕಾಯುತ್ತದೆ ಎಂದು ಅಜ್ಜಿ ಕಟ್ಟಿದ್ದನ್ನು ಟ್ರಂಕಿಗೆ ಹಾಕಲೂ ಮನಸ್ಸು ಬರದೆ ನಾನು ಬಚ್ಚಲಿಗೆ ಹೋಗಿ, ದಾರವನ್ನು ಗಿಡ್ಡ ಮಾಡಿ, ಕರಡಿಗೆಯನ್ನು ಎಡಗಂಕುಳ ಕೆಳಗೆ ಪಕ್ಕೆಗೆ ಒತ್ತಿ, ಮೇಲೆ ಬ್ಯಾಂಡೇಜು ಸುತ್ತಿದೆ. ಆಟಕ್ಕೆ ಮೊದಲು ರೆಫರಿ ಸಾಲಾಗಿ ನಿಲ್ಲಿಸಿ ಉಗುರು, ಕಿವಿ, ಬೂಟು ನೋಡಿದರು. ನನ್ನ ಪಕ್ಕೆ ಉಬ್ಬಿದ್ದನ್ನು ಕಂಡು ಏನೆಂದು ಕೇಳಿದರು. ಪಕ್ಕೆಲುಬು ಉಳುಕಿದೆ, ಬ್ಯಾಂಡೇಜು ಎಂದೆ. ಅವರು ತಲೆಯಾಡಿಸಿ ಮುಂದೆ ಹೋದರು.

ಎರಡನೆಯ ಅವಧಿಯಲ್ಲಿ ನನಗೆ ಚೆಂಡು ಸಿಕ್ಕಿತು, ಮುಂದೆ ಬಯಲು. ಎಡಗಡೆಯಿಂದ ಹುಲಿಗೆಮ್ಮ ಬರುವುದು ಕಂಡಿತು. ಕಲಿತದ್ದನ್ನು ಒಂದು ಎಳೆ ಬಿಡದೆ ಮಾಡಿದಳು. ತಗ್ಗಿ ಬಂದಳು, ಭುಜ ಬಡಿಯಿತು, ತಲೆ ನನ್ನ ಹಾದಿಯಲ್ಲಿರಲಿಲ್ಲ, ಕೆನ್ನೆ ಪಕ್ಕೆಗೆ ಅಂಟಿತು. ಅಲ್ಲಿ ಇದ್ದದ್ದು ಪಕ್ಕೆಯಲ್ಲ. ಒಂದು ಸಣ್ಣ ಸದ್ದಾಯಿತು, ಇಬ್ಬರೂ ಬಿದ್ದೆವು, ನಾನು ಎದ್ದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮಲಗಿದ್ದಳು.

ಎಲ್ಲರೂ ಓಡಿ ಬಂದರು. ಕೊಟ್ರೇಶ್ ಸರ್ ಮೈದಾನದ ಆ ತುದಿಯಲ್ಲಿದ್ದರು, ಅವರಿಗೆ ಕಂಡಿರಲಿಲ್ಲ. ಆಯ್ಕೆಗಾರರ ಎದುರಿಗೇ ನನ್ನನ್ನು ಕೇಳಿದರು.

"ಏನ್ ತಗಲ್ತವ್ವ ಆಕಿಗೆ?"

"ಮೊಣಕಾಲು ಸರ್. ಆಕಿ ತಲಿ ಅಡ್ಡ ಇಟ್ಲು."

ಇಷ್ಟೇ ಮಾತು. ಆಯ್ಕೆಗಾರರಲ್ಲಿ ಒಬ್ಬರು ಕೈಲಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡರು. ಒದ್ದೆ ಬಟ್ಟೆಯ ಕೆಳಗಿನಿಂದ ಹುಲಿಗೆಮ್ಮ ಬಲಗಣ್ಣು ತೆರೆದು ನನ್ನನ್ನು ನೋಡಿದಳು.

ಕೆನ್ನೆಯ ಎಲುಬು ಮುರಿದಿತ್ತು, ಕಣ್ಣಿಗೂ ಪೆಟ್ಟಾಗಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು, ಮೊಣಕಾಲು ಇಷ್ಟು ಚೂಪಾಗಿರುತ್ತದೆಯೇ ಎಂದು ಸರ್ ಅವರನ್ನು ಕೇಳಿದರಂತೆ. ಆಟವೇ ಹಾಗೆ ಎಂದು ಸರ್ ಹೇಳಿದರಂತೆ. ನಾಲ್ಕನೆಯ ದಿನ ನಾನು ಮೋಸಂಬಿ ಹಿಡಿದುಕೊಂಡು ಹೋದೆ. ಅಷ್ಟರಲ್ಲಿ ಆಯ್ಕೆಯ ಪಟ್ಟಿ ಬಂದಿತ್ತು, ನನ್ನ ಹೆಸರಿತ್ತು. ಅದನ್ನು ಕೇಳಿ ಅವಳು ನನ್ನ ಕೈ ಹಿಡಿದು ಸಂತೋಷಪಟ್ಟಳು. ಆಮೇಲೆ ಮೇಲಿನ ಫ್ಯಾನು ನೋಡುತ್ತ ಕೇಳಿದಳು.

"ನಾನು ತಲಿ ಅಡ್ಡ ಇಟ್ಟಿದ್ನೇನಲೇ ಬಸಿ? ನನಗ ಪಕ್ಕಕ್ಕ ಇಟ್ಟಂಗ ನೆನಪೈತಿ."

"ಅಡ್ಡನ ಇಟ್ಟಿದ್ದಿ" ಎಂದೆ.

ಮೈದಾನದಲ್ಲಿ ಹೇಳಿದ್ದು ಹೆದರಿಕೆಯ ಸುಳ್ಳು. ಆಸ್ಪತ್ರೆಯಲ್ಲಿ ಹೇಳಿದ್ದು ಯೋಚಿಸಿ ಹೇಳಿದ್ದು. ಅವಳಿಗೆ ಉಳಿದದ್ದು ತನ್ನ ಆಟದ ನೆನಪೊಂದೇ — ಅದನ್ನೂ ಕಿತ್ತುಕೊಂಡೆ. ನನ್ನ ಎಡ ಪಕ್ಕೆಯ ಮೇಲೆ ಕರಡಿಗೆಯ ಆಕಾರದ ಕಪ್ಪು ಗುರುತು ಒಂದು ತಿಂಗಳಿತ್ತು. ಸ್ನಾನ ಮಾಡುವಾಗ ಅದನ್ನು ನೋಡದೆ ನೀರು ಸುರಿದುಕೊಳ್ಳುವುದನ್ನು ಕಲಿತೆ. ಕರಡಿಗೆಯ ಒಂದು ತುದಿ ನೆಗ್ಗಿತ್ತು. ಅಕ್ಕಸಾಲಿಗನಿಂದ ಸರಿಮಾಡಿಸೋಣವೆಂದು ಅಜ್ಜಿ ಎಷ್ಟೋ ಸಲ ಹೇಳಿದರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ, ತಿಳಿಯದೆಯೇ ಹೋದರು.

ಅವಳು ಮತ್ತೆ ಆಡಲಿಲ್ಲ. ಎಡಗಣ್ಣಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಓದು ಬಿಟ್ಟು ಚೋರನೂರಿಗೆ ಹೋದಳು, ಮದುವೆಯಾದಳು. ನಾನು ರಾಜ್ಯಕ್ಕೆ ಆಡಿದೆ, ಅಲ್ಲಿಂದ ದೇಶಕ್ಕೆ. ಕಠ್ಮಂಡು, ತಾಷ್ಕೆಂಟ್, ಇನ್ನೂ ಎಲ್ಲೆಲ್ಲೋ. ಭುಜ ಎರಡು ಸಲ ಕಳಚಿತು, ಮೂಗು ಒಮ್ಮೆ ಮುರಿಯಿತು. ಮೊದಲ ಅಂತರರಾಷ್ಟ್ರೀಯ ಪಂದ್ಯದ ದಿನ ಲಿಂಗವನ್ನು ಕೊರಳಿನಿಂದ ತೆಗೆದು ಪಕ್ಕದಲ್ಲಿ ಕೂತಿದ್ದ ಒಡಿಶಾದ ಹುಡುಗಿಯ ಕೈಗೆ ಕೊಟ್ಟೆ. ಅವಳು ಅವತ್ತು ಮೀಸಲು ಆಟಗಾರ್ತಿ. ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಆಟ ಮುಗಿಯುವವರೆಗೂ ಕೂತಿದ್ದಳು. ಅವಳ ಜಾತಿ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಅಷ್ಟು ಸುಲಭವಾಗಿತ್ತು ಅದು. ಅಷ್ಟು ಸುಲಭದ್ದನ್ನು ಹೊಸಪೇಟೆಯ ಕೋಣೆಯಲ್ಲಿ — ನನ್ನ ಗೆಳತಿಗೆ —

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಆಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಚಡ್ಡಿ ಹಾಕಿ ಓಡುವ ಹುಡುಗಿಯರ ಗತಿ ಹೀಗೇ ಎಂದು ಹೇಳಲು ಈ ಬರಹವನ್ನು ಯಾರೂ ಹಿಡಿದುಕೊಂಡು ಬರಬೇಡಿ. ಆಟದ ನಿಯಮ ಪಾಲಿಸಿದ್ದರೆ ಹುಲಿಗೆಮ್ಮನ ಕಣ್ಣು ಇರುತ್ತಿತ್ತು. ಲಿಂಗವನ್ನು ದೂರುವವರೂ ಬರಬೇಡಿ. ಅದು ಇವತ್ತಿಗೂ ನನ್ನ ಕೊರಳಲ್ಲಿದೆ, ಅದಕ್ಕೆ ಸುಳ್ಳು ಹೇಳಲು ಬಾಯಿಲ್ಲ. ಸುಳ್ಳು ಹೇಳಿದ ಬಾಯಿ ನನ್ನದು. ತಪ್ಪನ್ನು ಹಂಚಿಕೊಳ್ಳಲು ಅಜ್ಜಿಯನ್ನೂ ಕರೆಯುವುದಿಲ್ಲ. ಬೇರೆ ಲೋಟ ಅವರದು, ನಿಜ. ಅವತ್ತು ಹತ್ತೊಂಬತ್ತು ವರ್ಷದ ಹೆಂಗಸಾಗಿ ನಿಂತಿದ್ದವಳು ಮಾತ್ರ ನಾನು.

ಈ ವರ್ಷ ಸಂಡೂರಿನ ಗಣಿ ಪ್ರದೇಶದ ದೋಣಿಮಲೈ ಟೌನ್‌ಶಿಪ್ಪಿನ ಹುಡುಗಿಯರಿಗೆ ಆಟ ಕಲಿಸಲು ಬಾ ಎಂದು ಕರೆದರು. ಶನಿವಾರಕ್ಕೊಮ್ಮೆ ಬೆಟ್ಟ ಹತ್ತಿ ಹೋಗುತ್ತೇನೆ. ಮೊದಲ ದಿನ ಟ್ಯಾಕಲ್ ತೋರಿಸುತ್ತಿದ್ದಾಗ ಒಬ್ಬ ಹುಡುಗಿ ತಲೆ ಅಡ್ಡ ಇಟ್ಟಳು. ಅವಳ ಗೆಳತಿಯರೆಲ್ಲ ನಕ್ಕು, "ಹುಲಿಗೆಮ್ಮ ಟ್ಯಾಕಲ್ ಮಾಡಿದ್ಲು ನೋಡ್ರಿ ಮೇಡಂ" ಎಂದರು. ಕೇಳಿದರೆ, ಹೊಸಪೇಟೆಯಲ್ಲಿ ಕಲಿತು ಬಂದವರೆಲ್ಲ ಹಾಗೇ ಅನ್ನುತ್ತಾರಂತೆ. ಕೊಟ್ರೇಶ್ ಸರ್ ಪ್ರತಿ ವರ್ಷ ಹೊಸ ಹುಡುಗಿಯರಿಗೆ ಹೇಳುತ್ತ ಬಂದ ಮಾತಂತೆ ಅದು: ಹುಲಿಗೆಮ್ಮನ ಹಂಗ ತಲಿ ಇಡಬ್ಯಾಡ್ರಿ, ಕಣ್ಣು ಹೋಗ್ತಾವ. ಅತಿ ಒಳ್ಳೆಯ ಟ್ಯಾಕಲ್ ಮಾಡಿದವಳ ಹೆಸರು ಕೆಟ್ಟ ಟ್ಯಾಕಲ್ಲಿನ ಹೆಸರಾಗಿ ನಿಂತಿತ್ತು. ಅದನ್ನು ಇಟ್ಟವಳು ನಾನು.

ನಗದೆ ನಿಂತಿದ್ದವಳು ಒಬ್ಬಳೇ, ಹನ್ನೆರಡು ವರ್ಷದ ಕಾವ್ಯ. ಆಟ ಮುಗಿದ ಮೇಲೆ ಹತ್ತಿರ ಬಂದು ಹೇಳಿದಳು. "ಆ ಹುಲಿಗೆಮ್ಮ ನಮ್ಮವ್ವ ರೀ ಮೇಡಂ. ನಾ ಇಲ್ಲಿ ಬಂದೀನಂತ ಆಕಿಗೆ ಗೊತ್ತಿಲ್ಲ. ಆಡಬ್ಯಾಡ ಅಂತಾಳ. ತಲಿ ಎಲ್ಲಿಡಬೇಕು ಅಂತ ನಮ್ಮ ರಕ್ತಕ್ಕ ತಿಳಿಯಂಗಿಲ್ಲಂತ."

ನೂರು ಪಂದ್ಯ ಆಡಿದ ಮೈ ಇದು. ಅಂಥ ಪೆಟ್ಟು ಎಲ್ಲಿಯೂ ಬಿದ್ದಿರಲಿಲ್ಲ.

ಮುಂದಿನ ಶನಿವಾರ ಕರಡಿಗೆಯನ್ನು ತೆಗೆದುಕೊಂಡು ಅವರ ಕ್ವಾರ್ಟರ್ಸಿಗೆ ಹೋದೆ. ಹುಲಿಗೆಮ್ಮನ ಗಂಡ ಗಣಿಯ ಕೆಲಸಕ್ಕೆ ಹೋಗಿದ್ದ. ಅವಳು ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಬಲಗಣ್ಣಿನಲ್ಲೇ ನಕ್ಕಳು, "ಬಾರಲೇ ಬಸಿ, ದೇಶದ ಆಟಗಾರ್ತಿ, ಕುಂದ್ರು" ಎಂದಳು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಅನಿಸಿತು. ನಿಂತೇ ಹೇಳಿದೆ. ಬಚ್ಚಲು, ಬ್ಯಾಂಡೇಜು, ರೆಫರಿ, ಮೊಣಕಾಲು ಎಂದದ್ದು, ಆಸ್ಪತ್ರೆಯಲ್ಲಿ ಅಡ್ಡನ ಇಟ್ಟಿದ್ದಿ ಎಂದದ್ದು. ಕೊನೆಗೆ, ಅವಳು ಕೈ ಚಾಚಿದಾಗ ನಾನು ಯಾಕೆ ಕೊಡಲಿಲ್ಲ ಎಂಬುದನ್ನೂ. ಅದನ್ನು ಹೇಳುವಾಗ ಮಾತ್ರ ನೆಲ ನೋಡಿದೆ.

ಆಮೇಲೆ ಕರಡಿಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಶೇಂಗಾದ ಧೂಳನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ನೆಗ್ಗಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಹಂಗಾದ್ರ ನನ್ನ ತಲಿ ಸರಿ ಜಾಗದಾಗನ ಇತ್ತು" ಎಂದಳು.

"ಇತ್ತು."

"ಕಣ್ಣು ಹೋಗಿದ್ದಕ್ಕ ನಾ ಭಾಳ ಅತ್ತಿಲ್ಲ, ಬಸಿ. ಅಷ್ಟು ಕಲತೂ ತಪ್ಪು ಮಾಡಿದ್ನಲ್ಲ ಅಂತ ಅತ್ತೀನಿ. ಹೊಲದಾಗ ಅತ್ತೀನಿ, ಬಾಣಂತ್ಯಾಗ ಅತ್ತೀನಿ. ನನ್ನ ಮಗಳಿಗೆ ಬ್ಯಾಡ ಅಂದು ಅತ್ತೀನಿ." ಕರಡಿಗೆಯನ್ನು ನನ್ನ ಕೈಗೆ ವಾಪಸ್ಸು ಇಟ್ಟಳು. "ಅವತ್ತು ಎಲ್ಲಾರ ಮುಂದ ಹೇಳಿದ್ದಿ. ಇದನ್ನೂ ಎಲ್ಲಾರ ಮುಂದ ಹೇಳು. ನನಗೊಬ್ಬಾಕಿಗಿ ಹೇಳಿ ಹಗುರಾಗಿ ಹೋಗಬ್ಯಾಡ."

"ಬರೀತೀನಿ."

"ಬರಿ. ಕ್ಷಮಾ ಅಂತ ಬರಿಬ್ಯಾಡ. ನಾ ಕೊಡಂಗಿಲ್ಲ."

ಅದಕ್ಕೇ ಆ ಪದ ಇಲ್ಲಿ ನನ್ನ ಬಾಯಿಂದ ಬರುವುದಿಲ್ಲ. ಕೊಟ್ರೇಶ್ ಸರ್ ಅವರ ಮನೆಗೂ ಹೋಗಿ ಹೇಳಿದೆ. ಅವರು, "ನಿನ್ನ ಮಾತು ನಂಬಿ ಎಷ್ಟು ಹುಡುಗ್ಯಾರಿಗೆ ಆಕಿ ಹೆಸರು ಕೆಡಿಸಿ ಹೇಳಿದ್ನವ್ವ" ಎಂದರು. ಈಗ ಅವರು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದಾರೆ. ನನಗೆ ಹೊದಿಸಿದ ಶಾಲುಗಳನ್ನು ವಾಪಸ್ಸು ಕೇಳುವವರು ಕೇಳಲಿ, ಕೊಡುತ್ತೇನೆ. ದೇಶಕ್ಕೆ ಆಡಿದ್ದನ್ನು ವಾಪಸ್ಸು ಕೊಡಲು ಬರುವುದಿಲ್ಲ. ಅವಳ ಜಾಗದಲ್ಲಿ ಆಡಿದೆ ಎಂದು ಮಾತ್ರ, ಕೇಳಿದವರಿಗೂ ಕೇಳದವರಿಗೂ, ಇನ್ನು ಮುಂದೆ ಹೇಳುತ್ತೇನೆ.

ಮೊನ್ನೆ ಶನಿವಾರ ಹುಲಿಗೆಮ್ಮ ಮೈದಾನಕ್ಕೆ ಬಂದಳು. ಕಾವ್ಯಳ ಕೈ ಹಿಡಿದು ಗೆರೆಯ ಹತ್ತಿರ ನಿಲ್ಲಿಸಿದಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡಳು. ಉಳಿದ ಹುಡುಗಿಯರು ಸುತ್ತ ನೆರೆದರು.

"ಬಸಿ, ಚೆಂಡು ಹಿಡಕೊಂಡು ಓಡಿ ಬಾ. ಸಾವಕಾಶ ಬರಬ್ಯಾಡ."

ಕೊರಳಿನ ಲಿಂಗವನ್ನು ಕಾವ್ಯಳ ಕೈಗೆ ಕೊಟ್ಟು ಓಡಿದೆ. ಅವಳು ತಲೆ ಪೂರ್ತಿ ತಿರುಗಿಸಿ ಬಲಗಣ್ಣಿನಲ್ಲಿ ನನ್ನನ್ನು ಅಳೆದಳು, ತಗ್ಗಿದಳು. ಭುಜ ಬಡಿಯಿತು. ಕೆನ್ನೆ ಎಡ ಪಕ್ಕೆಗೆ ಅಂಟಿತು, ಹದಿನಾಲ್ಕು ವರ್ಷದ ಹಿಂದೆ ಅಂಟಿದ ಜಾಗಕ್ಕೇ. ಕೆಂಪು ಮಣ್ಣಿನ ಮೇಲೆ ಅಂಗಾತ ಬಿದ್ದೆ.

ಅವಳು ಎದ್ದು ನಿಂತು ಮಕ್ಕಳ ಕಡೆ ತಿರುಗಿದಳು. "ನೋಡಿದ್ರೇನು? ಇದು ಹುಲಿಗೆಮ್ಮ ಟ್ಯಾಕಲ್" ಎಂದಳು.

ನನ್ನನ್ನು ಎಬ್ಬಿಸಲು ಕೈ ಚಾಚಲಿಲ್ಲ. ನಾನೇ ಎದ್ದೆ. ಚೆಂಡು ಎತ್ತಿಕೊಂಡು, ಇನ್ನೊಂದು ಸಲ ಓಡಿಬರಲು ಗೆರೆಯವರೆಗೆ ಹಿಂದಕ್ಕೆ ನಡೆದೆ.